ಅಗೆದು ನೋಡದೆ ‘ಇಲ್ಲ’ ಎನ್ನಬೇಡಿ: ಬರ್ಕುಡಾ ದ್ವೀಪದ ಕಾಲಿಲ್ಲದ ಹಾವುರಾಣಿ

ಕೇಂದ್ರ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವರಿಗೆ,

ಮಾನ್ಯರೇ,

ಒಡಿಶಾದ ಚಿಲಿಕಾ ಸರೋವರದೊಳಗಿನ ಬರ್ಕುಡಾ ದ್ವೀಪದಲ್ಲಿ ಸಿಕ್ಕ ಕಾಲಿಲ್ಲದ ಹಾವುರಾಣಿಗೆ ನೆಲ್ಸನ್ ಅನ್ನಂಡೇಲ್ 1917ರಲ್ಲಿ ‘ಬರ್ಕುಡಿಯಾ ಇನ್ಸುಲ್ಯಾರಿಸ್’ ಎಂದು ಹೆಸರಿಟ್ಟರು. ಅವರು ಕಟ್ಟಿದ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಈಗ ನಿಮ್ಮ ಸಚಿವಾಲಯದ ಅಧೀನದಲ್ಲಿದೆ. ಹಾಗಾಗಿ ಈ ಪತ್ರ ನಿಮಗೇ.

ಇದೇ ಸರೋವರದ ಸಾತಪಡಾದ ಡಾಲ್ಫಿನ್, ನಲಬನದ ಹಕ್ಕಿಗಳನ್ನು ದೋಣಿಯಲ್ಲಿ ಕೂತೇ ಎಣಿಸಬಹುದು. ಮಣ್ಣಿನೊಳಗೆ ಬದುಕುವ ಈ ಜೀವಿ ಹಾಗೆ ಲೆಕ್ಕಕ್ಕೆ ಸಿಗದು. ದ್ವೀಪ ಸುತ್ತಿ, ಕಣ್ಣಿಗೆ ಬಿದ್ದದ್ದನ್ನಷ್ಟೇ ಬರೆದ ವರದಿಯನ್ನು ನಂಬಿ ಅಲ್ಲಿ ಜೆಟ್ಟಿಗೋ ಕಟ್ಟಡಕ್ಕೋ ಒಪ್ಪಿಗೆ ಕೊಡಬಾರದು.

ಸಮೀಕ್ಷೆ ಮಣ್ಣಿನಲ್ಲೇ ನಡೆಯಲಿ. ಮರದ ಬುಡ, ಕೊಳೆತ ದಿಮ್ಮಿ, ತರಗೆಲೆ ದಪ್ಪಗಿರುವ ಕಡೆ 1 ಮೀಟರ್ ಚೌಕ ಗುರುತಿಸಿ, 5 ಸೆಂ.ಮೀ. ಪದರಗಳಲ್ಲಿ 30 ಸೆಂ.ಮೀ. ಆಳದವರೆಗೆ ಕೈಯಿಂದ ಮಣ್ಣು ಬಿಡಿಸಿ ಟಾರ್ಪಾಲಿನ ಮೇಲೆ ಹರಡಬೇಕು. ಗುದ್ದಲಿ, ಪಿಕಾಸಿ ಬೇಡ. ಹುಡುಕಿದ್ದೇ ತುಂಡಾಗಿ ಸಿಕ್ಕೀತು. ಬಾಲ ಹಿಡಿದು ಎಳೆದರೆ ಬಾಲವಷ್ಟೇ ಕೈಲಿ ಉಳಿಯುತ್ತದೆ. ಕಡುಬೇಸಿಗೆಯಲ್ಲಿ ಮೇಲ್ಮಣ್ಣು ಒಣಗಿದಾಗ ಇಂಥ ಜೀವಿಗಳು ತೇವವಿರುವ ಆಳಕ್ಕೆ ಸರಿಯುತ್ತವೆ. ಆದ್ದರಿಂದ ಮುಂಗಾರು ಬಿದ್ದು ಮಣ್ಣು ಹದವಾದ ಮೇಲೆ ಕೆಲಸ ಶುರುವಾಗಲಿ. (ಆರ್ಥಿಕ ವರ್ಷ ಮುಗಿಯುವ ಮಾರ್ಚಿನಲ್ಲಿ ತರಾತುರಿಯಿಂದ ಮುಗಿಸುವ ಸಮೀಕ್ಷೆ ಇದಲ್ಲ.) ಬಕೆಟ್ ಹೂತು ಗುಂಡಿಬಲೆ ಮಾಡುವುದಾದರೆ ತಳಕ್ಕೆ ತೂತು ಕೊರೆಯಬೇಕು, ಇಲ್ಲದಿದ್ದರೆ ಒಂದೇ ಮಳೆಗೆ ಒಳಗಿನದೆಲ್ಲ ಮುಳುಗಿ ಸಾಯುತ್ತದೆ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ನೋಡದಿದ್ದರೆ ಇರುವೆ ಮುತ್ತುತ್ತವೆ. ಕೆಲಸ ಮುಗಿದ ಮೇಲೆ ಮಣ್ಣನ್ನು ತೆಗೆದ ಪದರದಂತೆಯೇ ತುಂಬಿ ಮೇಲೆ ತರಗೆಲೆ ಮುಚ್ಚಬೇಕು.

ಗುರುತಿನಲ್ಲೂ ಎಡವಟ್ಟಾಗುತ್ತದೆ, ಮಣ್ಣಿನಲ್ಲೇ ಬದುಕುವ ಹುಳುಹಾವನ್ನು ಈ ಹಾವುರಾಣಿ ಎಂದುಕೊಳ್ಳಬಹುದು. ಹುಳುಹಾವಿನ ಬಾಲ ತೀರ ಮೊಟಕು, ತುದಿಯಲ್ಲಿ ಸಣ್ಣ ಮುಳ್ಳು, ಅದು ಕಳಚುವುದಿಲ್ಲ. ಹಾವುರಾಣಿಯ ನಾಲಗೆ ಹಾವಿನದರಷ್ಟು ಆಳವಾಗಿ ಸೀಳಿರುವುದಿಲ್ಲ. ವಿಷದ ಹಾವೆಂದು ಹೊಡೆಯಬೇಡಿರೆಂದು ಮೀನುಗಾರರಿಗೆ ಒಡಿಯಾದಲ್ಲಿ, ಚಿತ್ರ ಸಮೇತ ತಿಳಿಸಿ. ಸಿಕ್ಕ ಪ್ರಾಣಿಯ ಬಾಲದ ತುದಿಯ ಚೂರನ್ನು 95% ಎಥನಾಲ್‌ನಲ್ಲಿಟ್ಟರೆ, ಆಂಧ್ರದಲ್ಲಿರುವ ಇದರ ದಾಯಾದಿ ಬರ್ಕುಡಿಯಾ ಮೆಲನೋಸ್ಟಿಕ್ಟಾದ ಜೊತೆ ಡಿಎನ್‌ಎ ಹೋಲಿಸಬಹುದು.

ಅಲ್ಲಿಯವರೆಗೆ ಎರಡು ಆದೇಶ ಸಾಕು. ಸ್ವಚ್ಛತೆಯ ಹೆಸರಿನಲ್ಲಿ ದ್ವೀಪದ ತರಗೆಲೆ ಗುಡಿಸುವುದು, ಸುಡುವುದು ನಿಲ್ಲಲಿ. ಗಿಡ ನೆಡಲೆಂದು ಜೆಸಿಬಿ ಇಳಿಸುವುದೂ ಬೇಡ. ನೆಡಲೇಬೇಕಿದ್ದರೆ ಕೈಯಲ್ಲಿ ತೋಡಿದ ಗುಂಡಿ ಸಾಕು.

ಇಂತಿ,
ಉರಗ ಸಮೀಕ್ಷೆಯಲ್ಲಿ ತೊಡಗಿರುವ ಕನ್ನಡಿಗರು