ಚರಂಡಿ ಅಗೆಯುವ ಮುಂಚೆ ಕಲ್ಲು ನೋಡಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ಬಡಾವಣೆಯಲ್ಲಿ ಮತ್ತೆ ಚರಂಡಿ ಕೆಲಸ ಶುರುವಾಗಿದೆ. ಅರಳಿಕಟ್ಟೆ ಪಕ್ಕ ಅರ್ಧ ಹೂತುಹೋಗಿರುವ ವೀರಗಲ್ಲಿನ ಬುಡದವರೆಗೂ ಜೆಸಿಬಿ ಮಣ್ಣು ಬಗೆದಿದೆ. ಕೆಲಸದವರನ್ನು ಬೈದು ಏನು ಪ್ರಯೋಜನ ಹೇಳಿ, ಅದೊಂದು ಹಳೇ ಚಪ್ಪಡಿ ಅಂತ ಅವರು ಅಂದುಕೊಂಡಿದ್ದಾರೆ. ಅದು ಬರೀ ಚಪ್ಪಡಿ ಅಲ್ಲ ಅಂತ ಅವರಿಗೆ ಯಾರೂ ಹೇಳಿಲ್ಲ.

ಹೆಬ್ಬಾಳದ ಕಿಟ್ಟಯ್ಯನ ಕಲ್ಲು ನೆನಪಿದೆಯಾ? ಸುಮಾರು ಕ್ರಿ.ಶ. 750ರದ್ದು, ಗಂಗರ ದೊರೆ ಶ್ರೀಪುರುಷನ ಕಾಲದ್ದು, ಬೆಂಗಳೂರಲ್ಲಿ ಈವರೆಗೆ ಸಿಕ್ಕ ಕನ್ನಡ ಶಾಸನಗಳಲ್ಲೇ ಹಳೆಯದು. ಅದೂ ಹೀಗೇ ರಸ್ತೆ ಬದಿಯಲ್ಲಿತ್ತು. ಶಾಸನದ ಹುಚ್ಚಿರುವ ನಾಲ್ಕು ಜನ ಹಿಂದೆ ಬಿದ್ದಿದ್ದಕ್ಕೆ, ಊರಿನವರು ಕೈ ಜೋಡಿಸಿದ್ದಕ್ಕೆ ಉಳಿಯಿತು, ಈಗ ಅದಕ್ಕೊಂದು ಮಂಟಪವೂ ಇದೆ. ಬೇಗೂರಿನ ನಾಗೇಶ್ವರ ಗುಡಿಯ ಶಾಸನವೂ ಅಷ್ಟೇ. ಕೆಂಪೇಗೌಡರು ಪೇಟೆ ಕಟ್ಟಿದ್ದು 1537ರಲ್ಲಿ ಅಂತ ಸ್ಕೂಲಲ್ಲಿ ಓದುತ್ತೇವೆ, ಆದರೆ ಬೆಂಗಳೂರು ಕಾಳಗದ ಮಾತು ಸುಮಾರು 890ರ ಆ ಕಲ್ಲಿನಲ್ಲೇ ಇದೆ. ಅದು ಯಾರದೋ ಮನೆ ಪಾಯಕ್ಕೆ ಹೋಗಿದ್ದರೆ ಈ ಹೆಸರು ಅಷ್ಟು ಹಳೇದು ಅಂತ ತೋರಿಸೋಕೆ ನಮ್ಮ ಹತ್ತಿರ ಏನಿರುತ್ತಿತ್ತು?

ಇಂಥ ಕಲ್ಲುಗಳ ಪಟ್ಟಿಯೇ ಇಲ್ಲ ಅನ್ನುವ ಹಾಗೂ ಇಲ್ಲ. ಶಾಸನತಜ್ಞ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಬೆಂಗಳೂರು ಜಿಲ್ಲೆಯ ಸಂಪುಟ 1905ರಲ್ಲೇ ಬಂದಿದೆ, ಊರೂರಿನ ಶಾಸನಗಳ ಪಾಠ ಅದರಲ್ಲಿದೆ. ಅದನ್ನು ಹಿಡಿದು ಹುಡುಕಲು ಹೋದವರಿಗೆ ಎಷ್ಟೋ ಕಲ್ಲುಗಳು ಜಾಗದಲ್ಲಿ ಸಿಕ್ಕಿಲ್ಲ. ಈಗ ಬೆಂಗಳೂರಿನ ಇತಿಹಾಸ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿಯವರು ಉಳಿದವನ್ನು 3ಡಿ ಸ್ಕ್ಯಾನ್ ಮಾಡಿಡುತ್ತಿದ್ದಾರೆ. ಅಚ್ಚು ತೆಗೆಯಲು ಮಸಿ ಬಳಿಯುವ ಕೆಲಸವಿಲ್ಲ, ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವನ್ನೂ ಕಂಪ್ಯೂಟರಿನಲ್ಲಿ ಬೆಳಕು ಓರೆ ಮಾಡಿ ಓದಬಹುದು. ಒಳ್ಳೇ ಕೆಲಸ. ಆದರೆ ಸ್ಕ್ಯಾನ್ ಆಯ್ತಲ್ಲ ಅಂತ ಕಲ್ಲನ್ನು ಕೈಬಿಟ್ಟರೆ ಹೇಗೆ?

ಕಾನೂನಿದೆಯಲ್ಲ ಅಂತೀರಿ. ಸ್ಮಾರಕಗಳ ಬಗ್ಗೆ 1958ರ ಕೇಂದ್ರ ಕಾಯ್ದೆ ಇದೆ, ಆದರೆ ಸುತ್ತ ನೂರು ಮೀಟರ್ ಒಳಗೆ ಏನೂ ಕಟ್ಟಬಾರದು ಅನ್ನುವ ಅದರ ನಿಷೇಧವೆಲ್ಲ ಸಂರಕ್ಷಿತ ಅಂತ ಘೋಷಣೆಯಾದ ಸ್ಮಾರಕಕ್ಕೆ. ಟಿಪ್ಪು ಅರಮನೆಗೆ ಆ ಕಾವಲಿದೆ, ಅರಳಿಕಟ್ಟೆ ಪಕ್ಕದ ವೀರಗಲ್ಲಿಗೆ ಎಲ್ಲಿದೆ?

ಹಾಗಾಗಿ ಕೇಳುವುದು ತೀರಾ ಸಣ್ಣದು. ವಾರ್ಡಿನಲ್ಲಿರುವ ಪ್ರತಿ ಶಾಸನ, ವೀರಗಲ್ಲು, ಸತಿ ಹೋದವರ ನೆನಪಿನ ಮಾಸ್ತಿಗಲ್ಲಿನ ಫೋಟೋ, ಜಾಗದ ಗುರುತು ಎಂಜಿನಿಯರ್ ಕಚೇರಿಯಲ್ಲಿರಲಿ. ರಸ್ತೆ, ಚರಂಡಿ, ಕೇಬಲ್ ಯಾವ ಟೆಂಡರ್ ಕರೆದರೂ ಆ ಪಟ್ಟಿ ಅದರ ಜೊತೆಗೇ ಹೋಗಲಿ. ಕಲ್ಲು ಅಲುಗಿಸಲೇಬೇಕಾದರೆ ಮೊದಲು ಪುರಾತತ್ವ ಇಲಾಖೆಯವರು ಬಂದು ನೋಡಲಿ. ಹಾಗೇ ಒಂದು ಮಾತು, ಭಕ್ತಿಯಿಂದ ಕಲ್ಲಿಗೆ ಎನಾಮಲ್ ಪೇಂಟ್ ಬಳಿಯುವವರು ದಯವಿಟ್ಟು ನಿಲ್ಲಿಸಿ. ಅಕ್ಷರದ ಗೆರೆಯೊಳಗೆ ಕೂತ ಬಣ್ಣ ಸುಲಭಕ್ಕೆ ಬರಲ್ಲ. ಅರಿಶಿನ ಕುಂಕುಮ ಇಟ್ಟು ಕೈ ಮುಗಿಯಿರಿ, ಸಾಕು.

ನಮ್ಮ ಬೀದಿಯ ಗುಂಡಿ ಇನ್ನೂ ಮುಚ್ಚಿಲ್ಲ. ಸಂಬಂಧಪಟ್ಟವರು ಈ ವಾರವೇ ಬಂದರೆ ಒಳ್ಳೆಯದು.

— ಒಬ್ಬ ಓದುಗ, ಬೆಂಗಳೂರು