ಪಕ್ಕದ ಆಸನದಲ್ಲಿ ಕೂರುವವರನ್ನು ಕುರಿತು

ಚಿರಂಜೀವಿ ಮಗುವಿಗೆ ಅತ್ತೆಯ ಆಶೀರ್ವಾದಗಳು.

ಹಳೆಯ ಜೀಪಿನಂಥ ಗಾಡಿಯೊಂದನ್ನು ಕೊಳ್ಳಬೇಕೆಂದಿರುವ ನಿನ್ನ ಪತ್ರ ತಲುಪಿದೆ. ಹಣ ಹೊಂದಿಸಿಕೊಂಡ ಬಗೆ, ನಿನ್ನ ಅಪ್ಪನ ಅಸಮಾಧಾನ, ಹೊಸ ಕಾರನ್ನೇ ಕೊಳ್ಳಬಾರದೇ ಎಂಬ ಎಲ್ಲರ ಪ್ರಶ್ನೆ, ಇವೆಲ್ಲ ಮನೆಯವರಿಗೆ ತಿಳಿದೇ ಇರುವುದರಿಂದ ನಾನು ಅವುಗಳ ಗೋಜಿಗೆ ಹೋಗುವುದಿಲ್ಲ. ಕೊನೆಯ ಪುಟದ ಒಂದು ಸಾಲು ಮಾತ್ರ ನನ್ನನ್ನು ಕದಡಿದೆ. ಹಳೆಯ ಗಾಡಿಯ ಒಳಗೆ ಏನು ಕೆಟ್ಟಿದೆಯೆಂದು ಗುರುತಿಸುವ ಕಣ್ಣು ನನಗಿಲ್ಲ, ನಾನೊಬ್ಬಳೇ ಇದ್ದಾಗ ಏನಾದರೂ ಆದರೆ ಅದು ನನ್ನ ಪಾಡು, ನನ್ನನ್ನು ನಂಬಿ ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಏನು ಗತಿ ಎಂದು ಬರೆದಿದ್ದೀಯೆ. ಬರೆದ ಮೇಲೆ ಗೆರೆ ಎಳೆದು ಹೊಡೆದು ಹಾಕಲು ನೋಡಿದ್ದೀಯೆ. ಗೆರೆಯ ಅಡಿಯಿಂದಲೂ ಅದನ್ನು ಓದಬಹುದು.

ಹಾಗೇನೂ ಆಗದು, ಧೈರ್ಯವಾಗಿರು ಎಂದು ಬರೆದುಬಿಡುವುದು ಸುಲಭವಿತ್ತು. ಆದರೆ ನಿನ್ನ ಭಯಕ್ಕೆ ಆಧಾರವಿದೆ. ಇಲ್ಲವೆಂದರೆ ನಿನಗೆ ಸುಳ್ಳು ಹೇಳಿದಂತಾಗುತ್ತದೆ. ನೀನು ಮೆಚ್ಚಿಕೊಂಡಿರುವ ಗಾಡಿಗಳೆಲ್ಲ ದುಡಿಮೆಗೆಂದು ಹುಟ್ಟಿದವು. ವಿಲ್ಲಿಸ್ ಜೀಪು 1941ರಲ್ಲಿ ಯುದ್ಧಕ್ಕಾಗಿ ತಯಾರಾಯಿತು. ಅದರ ಮಾದರಿಯನ್ನು ಕಣ್ಣ ಮುಂದಿಟ್ಟುಕೊಂಡೇ 1948ರಲ್ಲಿ ಲ್ಯಾಂಡ್ ರೋವರ್ ಹೊಲದ ಕೆಲಸಕ್ಕೆಂದು ಬಂತು. 1960ರಲ್ಲಿ ಟೊಯೋಟಾದ ಎಫ್‌ಜೆ40 ಬಂತು. ಕೆಸರು ದಾಟಬೇಕು, ಭಾರ ಎಳೆಯಬೇಕು, ಬಯಲಿನಲ್ಲೇ ರಿಪೇರಿಯಾಗಬೇಕು ಎಂಬುದು ಅವುಗಳನ್ನು ಕಟ್ಟಿದವರ ಚಿಂತೆಯಾಗಿತ್ತು. ಒಳಗೆ ಕೂರುವವರ ಚಿಂತೆ ಅಷ್ಟಾಗಿ ಇರಲಿಲ್ಲ. ಏರ್‌ಬ್ಯಾಗ್ ಇಲ್ಲ, ಹಳೆಯವುಗಳಲ್ಲಿ ಸೀಟ್ ಬೆಲ್ಟೂ ಇಲ್ಲ, ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು, ಆ ನಾಲ್ಕಕ್ಕೂ ಸೇರಿ ಬಹುತೇಕ ಒಂದೇ ಸರ್ಕ್ಯೂಟು, ಅಂದರೆ ಬ್ರೇಕ್ ದ್ರವ ಹರಿಯುವ ಒಂದೇ ಕೊಳವೆಯ ಜಾಲ. ಎಲ್ಲೋ ಒಂದು ಕೊಳವೆ ತೂತಾಗಿ ಬ್ರೇಕ್ ದ್ರವ ಸೋರಿಹೋದರೆ ನಾಲ್ಕು ಚಕ್ರಗಳ ಬ್ರೇಕೂ ಒಟ್ಟಿಗೇ ಹೋಗುತ್ತದೆ.

ಹಾಗೆ ಹೋದದ್ದನ್ನು ನಾನು ಕಂಡಿದ್ದೇನೆ. ಮಣ್ಣಿನ ಸಮೀಕ್ಷೆಯ ಕೆಲಸದಲ್ಲಿದ್ದಾಗ ನಮ್ಮ ತಂಡಕ್ಕೆ 109 ಅಂಗುಲ ವೀಲ್‌ಬೇಸಿನ (ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಅಂತರ) ಲ್ಯಾಂಡ್ ರೋವರ್ ಕೊಟ್ಟಿದ್ದರು. ಒಂದು ಇಳಿಜಾರಿನಲ್ಲಿ ನಾನು ಒತ್ತಿದ ಪೆಡಲು ತಳಕ್ಕೆ ಹೋಗಿ ಅಲ್ಲೇ ಉಳಿಯಿತು. ಆ ಗಾಡಿಯ ಒಂದನೆಯ ಮತ್ತು ಎರಡನೆಯ ಗೇರಿಗೆ, ಗೇರು ಸಲೀಸಾಗಿ ಸೇರುವಂತೆ ವೇಗ ಹೊಂದಿಸುವ ಸಿಂಕ್ರೋಮೆಶ್ ಇರಲಿಲ್ಲ. ಕ್ಲಚ್ಚನ್ನು ಎರಡು ಸಲ ಒತ್ತಿ, ನಡುವೆ ಆಕ್ಸಿಲರೇಟರ್ ಕೊಟ್ಟು ಎರಡನೆಯ ಗೇರಿಗೆ ಇಳಿಸಿದೆ. ಅದರ ಕೈಬ್ರೇಕು ಚಕ್ರಗಳ ಬದಲು ಗೇರ್‌ಬಾಕ್ಸಿನ ಹಿಂದಿನ ಶಾಫ್ಟನ್ನು ಹಿಡಿಯುತ್ತದೆ, ಬ್ರೇಕ್ ದ್ರವದ ಹಂಗು ಅದಕ್ಕಿಲ್ಲ. ವೇಗ ತಗ್ಗಿದ ಮೇಲೆ ಅದನ್ನು ಎಳೆದು, ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದೆ. ಯಾರಿಗೂ ಪೆಟ್ಟಾಗಲಿಲ್ಲ. ಹಿಂದಿನ ಎರಡು ಚಕ್ರಗಳನ್ನು ಹೊತ್ತ ಆಕ್ಸಲಿನ ಮೇಲೆ ಹಾಯುವ ಉಕ್ಕಿನ ಕೊಳವೆ, ಅದನ್ನು ಹಿಡಿದಿಡುವ ಕ್ಲಿಪ್ಪಿನ ಅಡಿಯಲ್ಲಿ ತುಕ್ಕು ತಿಂದು ತೂತಾಗಿತ್ತು. ಕ್ಲಿಪ್ಪು ಬಿಚ್ಚದೆ ಅದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ನನ್ನ ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ ಆ ಸಂಗತಿಯನ್ನು ಮುಂದೆಂದೂ ಎತ್ತಲಿಲ್ಲ. ಮಾರನೆಯ ದಿನದಿಂದ ಹಿಂದಿನ ಬೆಂಚಿನ ಮೇಲೆ ಕೂರತೊಡಗಿದರು, ಅಷ್ಟೆ. ಹೆದರಿದಿರಾ ಎಂದು ನಾನೊಮ್ಮೆ ಕೇಳಬಹುದಿತ್ತು. ಕೇಳಲಿಲ್ಲ, ಆಮೇಲೆ ಅವರಿಗೆ ವರ್ಗವಾಯಿತು, ಅವರ ಉತ್ತರ ಏನಿರುತ್ತಿತ್ತೆಂಬುದು ನನಗೆ ಇಂದಿಗೂ ಗೊತ್ತಿಲ್ಲ. ನೀನು ಹೊಡೆದುಹಾಕಿದ ಸಾಲನ್ನು ಓದುವಾಗ ನನಗೆ ನೆನಪಾದದ್ದು ಅವರ ಮುಖವೇ. ಆದ್ದರಿಂದ ಆ ಭಯವನ್ನು ಬಿಟ್ಟುಬಿಡು ಎಂದು ನಿನಗೆ ಹೇಳಲು ನನ್ನಿಂದಾಗದು. ಗಾಡಿಯ ತುಂಬ ಹರಡಿಕೊಂಡಿರುವ ಆ ಭಯವನ್ನು ಕೈಯಿಂದ ಮುಟ್ಟಿ ನೋಡಬಹುದಾದ ಕೆಲವು ಜಾಗಗಳಿಗೆ ತಂದುಕೊಂಡರೆ ಅದರ ಜೊತೆ ಬದುಕಬಹುದು ಎಂಬುದಷ್ಟೇ ನನ್ನ ಅನುಭವ.

ಮೊದಲನೆಯ ಜಾಗ ಚಾಸಿ, ಇಡೀ ಗಾಡಿಯನ್ನು ಹೊತ್ತಿರುವ ಅಡಿಯ ಚೌಕಟ್ಟು. ಯುದ್ಧ ಮುಗಿದ ಕಾಲದಲ್ಲಿ ಉಕ್ಕಿಗೆ ಬರವಿದ್ದುದರಿಂದ ಲ್ಯಾಂಡ್ ರೋವರಿನ ಮೈಯನ್ನು ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡಿದರು, ಚಾಸಿಯನ್ನು ಮಾತ್ರ ಉಕ್ಕಿನ ತಗಡುಗಳನ್ನು ಪೆಟ್ಟಿಗೆಯಂತೆ ಬೆಸೆದು ಮಾಡಿದರು. ಮೈಗೆ ಕೆಂಪು ತುಕ್ಕು ಹಿಡಿಯುವುದಿಲ್ಲವಾದ್ದರಿಂದ ನೋಡುವವರಿಗೆ ಗಾಡಿ ಗಟ್ಟಿಯಾಗಿಯೇ ಕಾಣುತ್ತದೆ. ಅಡಿಯಲ್ಲಿ ಆ ಪೆಟ್ಟಿಗೆಯೊಳಗೆ ಸೇರಿದ ಕೆಸರು ಒಣಗದೆ ಕೂತು, ಬಣ್ಣ ಬಳಿದ ಬಾಗಿಲುವಾಡವನ್ನು ಗೆದ್ದಲು ತಿನ್ನುವ ಹಾಗೆ ಲೋಹವನ್ನು ಒಳಗಿನಿಂದ ತಿನ್ನುತ್ತಿರುತ್ತದೆ. ಹಿಂದಿನ ಅಡ್ಡತೊಲೆ, ಬದಿಗೆ ಚಾಚಿದ ಔಟ್‌ರಿಗರುಗಳು, ಪಟ್ಟಿ ಸ್ಪ್ರಿಂಗುಗಳನ್ನು ಹಿಡಿದಿರುವ ಹ್ಯಾಂಗರುಗಳು ಮೊದಲು ಹೋಗುತ್ತವೆ. ಹ್ಯಾಂಗರು ಕಿತ್ತುಬಂದರೆ ಆಕ್ಸಲ್ ತನ್ನ ಜಾಗದಲ್ಲಿ ನಿಲ್ಲುವುದಿಲ್ಲ. ನಿನ್ನ ಪಕ್ಕದಲ್ಲಿ ಕೂತವರ ಕ್ಷೇಮ ಇರುವುದು ಹೊಳೆಯುವ ಬಾನೆಟ್ಟಿಗಿಂತ ಹೆಚ್ಚಾಗಿ ಈ ಕೆಸರು ಮೆತ್ತಿದ ತುಂಡುಗಳಲ್ಲಿ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗು. ಗಟ್ಟಿ ಲೋಹ ಠಣ್ಣೆನ್ನುತ್ತದೆ, ಕೊಳೆತದ್ದು ಬೊದ್ದೆನ್ನುತ್ತದೆ. ಕಣ್ಣಿಲ್ಲವೆಂದು ಬರೆದಿದ್ದೀಯೆ, ಈ ಕೆಲಸಕ್ಕೆ ಕಿವಿ ಸಾಕು, ಅದಕ್ಕೆ ಅನುಭವವೂ ಹೆಚ್ಚು ಬೇಡ. ಅಡಿಗೆಲ್ಲ ಈಚೆಗೆ ದಪ್ಪವಾಗಿ ಕಪ್ಪು ಬಣ್ಣ ಬಳಿದಿದ್ದರೆ ಮಾತ್ರ ಅವಸರ ಮಾಡಬೇಡ, ಕೊಳೆತದ್ದನ್ನು ಅದು ಮುಚ್ಚಿಟ್ಟಿರಬಹುದು.

ನೀನು ನೋಡಿದ ಇನ್ನೊಂದು ಗಾಡಿ, ಎಫ್‌ಜೆ40, ಮೈಯೂ ಉಕ್ಕಿನದೇ. ಅದರ ತುಕ್ಕು ಹೊರಗೆ ಕಾಣಿಸಿಕೊಳ್ಳುವುದರಿಂದ ಹೊಸಬರ ಮಟ್ಟಿಗೆ ಅದು ಹೆಚ್ಚು ಪ್ರಾಮಾಣಿಕವಾದ ಗಾಡಿಯೆಂದೇ ನನ್ನ ಭಾವನೆ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಅಯಸ್ಕಾಂತ ಆ ಜಾಗದಲ್ಲಿ ಅಂಟುವುದಿಲ್ಲ. ಲ್ಯಾಂಡ್ ರೋವರಿನ ಮೈಯ ಮೇಲೆ ಈ ಪರೀಕ್ಷೆ ನಡೆಯದು.

ಬ್ರೇಕಿನ ವಿಷಯಕ್ಕೆ ಮತ್ತೆ ಬರುತ್ತೇನೆ, ಬೇಸರಿಸಬೇಡ. ಎಂಜಿನ್ ಓಡುತ್ತಿರುವಾಗ ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಾಗೆಯೇ ಹಿಡಿದಿರು. ಅದು ನಿಧಾನವಾಗಿ ಕೆಳಗಿಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಪೆಡಲಿನ ಒತ್ತಡವನ್ನು ದ್ರವಕ್ಕೆ ದಾಟಿಸುವ ಮಾಸ್ಟರ್ ಸಿಲಿಂಡರ್ ಸವೆದಿದೆ. ಆ ಸಿಲಿಂಡರಿನಿಂದ ಎರಡು ಪ್ರತ್ಯೇಕ ಕೊಳವೆಗಳು ಹೊರಡುತ್ತವೆಯೋ ಒಂದೇ ಹೊರಡುತ್ತದೆಯೋ ಎಂಬುದನ್ನೂ ನೋಡು. 1971ರಿಂದ 1985ರವರೆಗೆ ಬಂದ ಮೂರನೆಯ ಸರಣಿಯ ಲ್ಯಾಂಡ್ ರೋವರುಗಳಲ್ಲಿಯೂ ಹಲವಕ್ಕೆ ಒಂದೇ ಸರ್ಕ್ಯೂಟ್ ಇತ್ತು. ಒಂದೇ ಇದ್ದರೆ ಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ಕೊಂಡ ಮೇಲೆ ಕೊಳವೆ, ರಬ್ಬರ್ ಹೋಸು, ದ್ರವ ಇಷ್ಟನ್ನೂ ಹೊಸದಾಗಿ ಹಾಕಿಸುವ ತನಕ ಯಾರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಬೇಡ ಎಂಬುದೊಂದೇ ನನ್ನ ಕೋರಿಕೆ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತೇವ ಸೇರಿದ ದ್ರವ ಬೇಗ ಕುದಿಯುತ್ತದೆ, ಕೊಳವೆಗಳೂ ಒಳಗಿನಿಂದ ಕೆಡುತ್ತವೆ. ವರ್ಷಗಟ್ಟಲೆ ನಿಂತೇ ಇದ್ದ ಗಾಡಿಗೆ ಹೆಚ್ಚು ಹೆದರಬೇಕಾದದ್ದು ಇದಕ್ಕೇ. ನೀರು ದಾಟಿದ ಮೇಲೆ ಡ್ರಮ್ಮುಗಳೊಳಗೆ ನೀರು ನಿಂತು ಬ್ರೇಕ್ ಹಿಡಿಯದಿರಬಹುದು. ನಿಧಾನವಾಗಿ ಸಾಗುತ್ತಾ ಪೆಡಲನ್ನು ಹಗುರವಾಗಿ ಒತ್ತಿ ಒಣಗಿಸಿಕೊಂಡೇ ಮುಂದೆ ಹೋಗಬೇಕು.

ಟೈರುಗಳ ವಿಷಯವನ್ನು ಯಾರೂ ನಿನಗೆ ಹೇಳಿರಲಾರರು. ಹಳೆಯ ಗಾಡಿ ಹೆಚ್ಚು ಓಡದೆ ನಿಂತಿರುವುದರಿಂದ ಟೈರಿನ ಹಲ್ಲು ಹೊಸದರಂತೆ ಕಾಣುತ್ತದೆ, ರಬ್ಬರು ಮಾತ್ರ ಸತ್ತಿರುತ್ತದೆ. ಟೈರಿನ ಪಕ್ಕೆಯಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಅದರ ಮೇಲೆ ಮನೆಯವರೆಗೂ ಓಡಿಸಿಕೊಂಡು ಬರಬೇಡ.

ಹಿಂದಿನ ಬೆಂಚುಗಳನ್ನು ನೀನು ತುಂಬ ಮೆಚ್ಚಿ ಬರೆದಿದ್ದೀಯೆ. ಎದುರುಬದುರಾಗಿ ಕೂತು ಮಾತನಾಡುತ್ತಾ ಹೋಗುವ ಸುಖ ನನಗೂ ಗೊತ್ತು. ಆದರೂ ಅಡ್ಡಲಾಗಿ ಕೂತವರನ್ನು ಮುಗ್ಗರಿಸುವಾಗ ಹಿಡಿಯುವುದು ಏನೂ ಇಲ್ಲ. ಮಕ್ಕಳನ್ನು ಅಲ್ಲಿ ಕೂರಿಸಬೇಡ. ಮುಂದಿನ ಆಸನಗಳಿಗೆ ಬೆಲ್ಟ್ ಹಾಕಿಸುವಾಗ ಅದರ ಬೋಲ್ಟು ತೆಳುವಾದ ತಗಡಿಗೆ ಬೀಳದೆ ಗಟ್ಟಿ ಆಧಾರಕ್ಕೆ ಬೀಳಲಿ. ಇಂಥ ಎತ್ತರ ಹೆಚ್ಚಿರುವ, ಉದ್ದ ಕಡಿಮೆಯಿರುವ ಗಾಡಿ ತಿರುವಿನಲ್ಲಿ ವೇಗವಾಗಿ ಹೋದರೆ ಮಗುಚಬಹುದು, ಬಟ್ಟೆಯ ಮೇಲ್ಛಾವಣಿ ಆಗ ಯಾರನ್ನೂ ಕಾಯದು. ಹೇಳಲು ಹೊರಟರೆ ನನ್ನ ಮಾತು ಹೀಗೆ ಹೆದರಿಸುವಂತೆಯೇ ಆಗುತ್ತದೆ, ಕ್ಷಮಿಸು. ನೀನು ಕೊಳ್ಳಬಾರದೆಂಬ ಇಚ್ಛೆ ನನಗೆ ಎಳ್ಳಷ್ಟೂ ಇಲ್ಲ. ನನ್ನ ಪ್ರಾಯದಲ್ಲಿ ಸ್ವಂತಕ್ಕೊಂದು ಕೊಳ್ಳುವ ಆಸೆಯನ್ನು ಮುಂದಿನ ವರ್ಷ, ಅದರ ಮುಂದಿನ ವರ್ಷ ಎಂದು ದೂಡುತ್ತಲೇ ಬಂದೆ. ಈಗ ಮೊಣಕಾಲು ಆ ಎತ್ತರವನ್ನು ಹತ್ತಲು ಬಿಡುವುದಿಲ್ಲ.

ಎಂಜಿನ್ ಬಗ್ಗೆ ನೀನು ಕೇಳಿದ್ದಕ್ಕೆಲ್ಲ ನಾನು ಉತ್ತರಿಸಿಲ್ಲ. ಹೊಗೆಯುಗುಳುವ, ಎಣ್ಣೆ ತೊಟ್ಟಿಕ್ಕುವ ಎಂಜಿನ್ ನಿನ್ನನ್ನು ದಾರಿಯಲ್ಲಿ ನಿಲ್ಲಿಸೀತು, ಪಕ್ಕದಲ್ಲಿರುವವರಿಗೆ ಅದರಿಂದ ಅಪಾಯ ಕಡಿಮೆ, ಆದ್ದರಿಂದ ಅದನ್ನು ಆಮೇಲೆ ನೋಡಿಕೊಂಡರಾಯಿತು. ಬಣ್ಣ ಎಲ್ಲಕ್ಕಿಂತ ಕೊನೆಗೆ. ಸಾಧ್ಯವಾದರೆ ಗಾಡಿ ನೋಡಲು ಹೋಗುವಾಗ, ಅದೇ ಮಾದರಿಯದನ್ನು ವರ್ಷಗಳಿಂದ ಇಟ್ಟುಕೊಂಡಿರುವ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗು; ಅವರು ಹತ್ತು ನಿಮಿಷ ಅಡಿಯಲ್ಲಿ ಮಲಗಿ ಹೇಳುವುದು ನನ್ನ ಈ ಪತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮುಂದಿನ ಪತ್ರದ ಜೊತೆ ಹಿಂದಿನ ಅಡ್ಡತೊಲೆ, ನಾಲ್ಕೂ ಚಕ್ರಗಳ ಹತ್ತಿರದ ಸ್ಪ್ರಿಂಗ್ ಹ್ಯಾಂಗರುಗಳು ಮತ್ತು ಆಕ್ಸಲಿನ ಮೇಲಿನ ಬ್ರೇಕ್ ಕೊಳವೆ ಇವುಗಳ ಚಿತ್ರಗಳನ್ನು ಕಳುಹಿಸು. ಚಿತ್ರ ತೆಗೆಯುವ ಮುನ್ನ ಮಾರುವವರು ಅಡಿಯನ್ನು ತೊಳೆಯದಿರಲಿ, ಕ್ಲಿಪ್ಪುಗಳನ್ನು ಬಿಚ್ಚಿ ತೋರಿಸಲು ಒಪ್ಪುತ್ತಾರೆಯೇ ಎಂದು ಕೇಳು. ಒಪ್ಪದಿದ್ದರೆ ಅದನ್ನೂ ಬರೆ.

ನಿನ್ನ ಅತ್ತೆ