ಸೈಕಲ್ ವಿಮೆ ಮಾಡಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಪುಣೆ ಹತ್ತಿರದ ಸಿಂಹಗಡ ಕೋಟೆಗೆ ಸೈಕಲ್ ತುಳಿದು ಬರುವವರಲ್ಲಿ ಹಲವರು ಹೊಸ ಗೇರ್ ಸೈಕಲ್ ಕೊಂಡಿದ್ದೀರಿ, ಯಾವ ವಿಮೆ ಮಾಡಿಸಲಿ ಎಂದು ಕೇಳುತ್ತಿದ್ದೀರಿ. ಬೈಕಿಗಿರುವಂತೆ ಸೈಕಲ್ಲಿಗೆ ವಿಮೆ ಕಡ್ಡಾಯವಿಲ್ಲ. 250 ವ್ಯಾಟ್ ಒಳಗಿನ, ಗಂಟೆಗೆ 25 ಕಿ.ಮೀ. ಮೀರದ ಬ್ಯಾಟರಿ ಸೈಕಲ್ಲಿಗೂ ಅಷ್ಟೇ. ಆದರೂ ದುಬಾರಿ ಸೈಕಲ್ ಇದ್ದವರು ಮಾಡಿಸಿ ಎಂದೇ ನಾನು ಹೇಳುವುದು.

ಪ್ರೀಮಿಯಂ ನೋಡುವ ಮೊದಲು ಕಳವಿನ ಷರತ್ತು ಓದಿ. ಬೀಗ ಹಾಕಿರಲಿಲ್ಲವೆಂದರೆ, ಕೆಲವು ಪಾಲಿಸಿಗಳಲ್ಲಿ ಕಂಬಕ್ಕೋ ಸರಳಿಗೋ ಸೇರಿಸಿ ಬಿಗಿದಿರಲಿಲ್ಲವೆಂದರೂ, ಹಣ ಸಿಗುವುದಿಲ್ಲ. ನಮ್ಮಲ್ಲಿ ಹೆಚ್ಚಿನವರ ಸೈಕಲ್ ಇರುವುದು ಸೊಸೈಟಿ ಪಾರ್ಕಿಂಗ್‌ನಲ್ಲಿ. ಪಾಲಿಸಿಯಲ್ಲಿ ಅದು ಮನೆಯೊಳಗೆ ಇಟ್ಟ ಲೆಕ್ಕಕ್ಕೆ ಬರುತ್ತದೆಯೇ, ಚಕ್ರ ಅಥವಾ ಸೀಟು ಮಾತ್ರ ಕದ್ದರೆ ಕೊಡುತ್ತಾರೆಯೇ, ಸೈಕಲ್ ಹಳತಾಯಿತೆಂದು (ಸವಕಳಿ) ಎಷ್ಟು ಮುರಿದುಕೊಳ್ಳುತ್ತಾರೆ, ಎಲ್ಲವನ್ನೂ ಬರಹದಲ್ಲೇ ಪಡೆಯಿರಿ. ಏಜೆಂಟರ ಬಾಯಿಮಾತು ಕ್ಲೇಮ್ ಹೊತ್ತಿಗೆ ನಿಲ್ಲುವುದಿಲ್ಲ. ರೇಸಿನಲ್ಲಾದ ಹಾನಿ ಸಾಮಾನ್ಯವಾಗಿ ವಿಮೆಯ ಹೊರಗೇ.

ಬಿಲ್ ಜೋಪಾನ. ಹೆಚ್ಚಿನ ಸೈಕಲ್‌ಗಳಲ್ಲಿ ಪೆಡಲ್ ಅಚ್ಚಿನ ಕೆಳಭಾಗದಲ್ಲಿ ಫ್ರೇಮ್ ನಂಬರ್ ಕೊರೆದಿರುತ್ತದೆ. ಇವತ್ತೇ ಫೋಟೊ ತೆಗೆದಿಡಿ, ಎಫ್‌ಐಆರ್‌ಗೂ ಬೇಕಾಗುತ್ತದೆ.

ಸೈಕಲ್ಲಿನ ವಿಮೆ ನಿಮ್ಮ ಆಸ್ಪತ್ರೆ ಖರ್ಚಿಗಲ್ಲ. ದಯವಿಟ್ಟು ಆರೋಗ್ಯ ವಿಮೆ ಬೇರೆ ಇಟ್ಟುಕೊಳ್ಳಿ. ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಅಲ್ಲಿ ಆಗದಿದ್ದರೆ ವಿಮಾ ಒಂಬುಡ್ಸ್‌ಮನ್ (ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ಅಧಿಕಾರಿ) ಕಚೇರಿ ಪುಣೆಯಲ್ಲೇ ಇದೆ, ಶುಲ್ಕವಿಲ್ಲ.